ಅಂಬಿಗರ ಮುದ್ದ ಹುಟ್ಟುಗೋಲಿನಲ್ಲಿ ಹೇಳಿದ್ದು

"ಕಲ್ಗುಡಿ ಸೀಮೆಯ ಸಮಸ್ತ ಜನಕ್ಕೂ ದೊರೆ ಗಿರಿಯಪ್ಪನಾಯಕರ ಅಪ್ಪಣೆ! ದೊರೆಮಗಳು ನೀಲಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನೇ ಅರಮನೆಯ ಅಳಿಯ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ತೆಗೆಸಲಾಗುವುದು!"

ತಮಟೆ ಬಡಿಸಿ ಹೀಗೆ ಸಾರಿಸಿದರು. ಮಗಳ ಮದುವೆಗೆಂದು ತಲೆ ತೆಗೆಸುವ ಅಪ್ಪನನ್ನು ಎಲ್ಲಾದರೂ ಕಂಡಿದ್ದೀರಾ? ಅದರ ಹಿಂದೆ ಒಂದು ಗುಟ್ಟಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು, ಎರಡು ಕಿವಿಯೂ ಸೋರಿ ಸೋರಿ, ನೀಲಾಜಮ್ಮಣ್ಣಿಗೆ ಕೇಳಿಸದ ಹಾಗಾಗಿತ್ತು. ಎದುರಿಗೆ ನಿಂತವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಇದು ಗೊತ್ತಿದ್ದದ್ದು ದೊರೆಗೆ, ರಾಣಿಗೆ, ತಲೆ ಬಾಚುವ ಕೆಂಚವ್ವನಿಗೆ. ಕೆಂಚವ್ವನ ಹೊಟ್ಟೆಯಲ್ಲಿ ಅಂಥ ಸುದ್ದಿ ಹನ್ನೊಂದು ವರ್ಷ ಹೇಗೆ ನಿಂತಿತೋ, ನನಗಂತೂ ಅಚ್ಚರಿ. ಊರವರೋ, "ಹಿಂದಿನಿಂದ ಕೂಗಿದರೆ ತಿರುಗಿ ನೋಡಲ್ಲ, ಎಷ್ಟು ಜಂಬ!" ಅನ್ನುತ್ತಿದ್ದರು.

ಗುಟ್ಟು ಮುಚ್ಚಿಟ್ಟು ಮಗಳನ್ನು ಯಾರಿಗಾದರೂ ಕೊಟ್ಟುಬಿಡುವ ಆತುರ ದೊರೆಗೆ. ಮಗಳು ಒಪ್ಪಲಿಲ್ಲ. "ಮೋಸದಲ್ಲಿ ತಾಳಿ ಕಟ್ಟಿಸಿಕೊಳ್ಳಲಾರೆ, ಅಪ್ಪಾಜಿ. ನನ್ನ ಒಗಟು ಬಿಡಿಸಿ ತಾನಾಗಿ ತಿಳಿದುಕೊಳ್ಳುವವನು ಬರಲಿ," ಅಂದಳು. ಕೆದಕುವವರು ಹೆದರಲಿ ಎಂದು ತಲೆ ತೆಗೆಸುವ ಮಾತನ್ನು ಸೇರಿಸಿದವನು ದೊರೆ.

ಮೊದಲು ಬಂದವನು ಬಿಳಿಕೋಟೆಯ ಯುವರಾಜ. ಮೀಸೆಯೇ ಒಂದು ಸಂಸ್ಥಾನದಷ್ಟಿತ್ತು. ನೀಲಾಜಮ್ಮಣ್ಣಿ ಹಲಗೆಯ ಜಗಲಿಯ ಮೇಲೆ ಬರಿಗಾಲಲ್ಲಿ ಕೂತು ಕೇಳಿದಳು: "ಒಬ್ಬ ಸವಾರನಿದ್ದಾನೆ. ಒಂದೇ ಗಳಿಗೆಯಲ್ಲಿ ಎರಡು ದಾರಿ ಹಿಡಿದು ಹೊರಡುತ್ತಾನೆ. ಬಯಲಲ್ಲಿ ಗಾಳಿಯ ದಾರಿಯಿಂದ ತಡವಾಗಿ ಬರುತ್ತಾನೆ, ತುಂಬಿದ ನೀರಿನ ದಾರಿಯಿಂದ ಅದಕ್ಕೂ ಮೊದಲೇ ಬಂದು ನಿಂತಿರುತ್ತಾನೆ. ಯಾರವನು?"

"ನನ್ನ ಕೀರ್ತಿ!" ಅಂದ ಯುವರಾಜ.

"ಏನಂದಿರಿ?"

ಮೀಸೆಯೊಳಗೆ ತುಟಿ ಎಲ್ಲಿ ಕಾಣಬೇಕು! ಮೂರು ಸಲ ಕಿರುಚಿದ. ಕೊನೆಗೆ ಕೆಂಚವ್ವ ಎದುರು ನಿಂತು ಬಾಯಾಡಿಸಿದಳು. ಭಟರು ಅವನನ್ನು ಮೀಸೆ ಸಮೇತ ಸೆರೆಗೆ ಹಾಕಿದರು.

ಆಮೇಲೆ ಬಂದವನು ಹೊಳೆಯಾಚೆಯ ಪಂಡಿತ. ಹೆಗಲ ಮೇಲೆ ಶಾಲು, ಬಾಯ್ತುಂಬ ತಾಂಬೂಲ. ಅದೇ ಒಗಟು ಕೇಳಿದ್ದಕ್ಕೆ, "ಅದು ಮನಸ್ಸು. ಏಳು ಲೋಕವನ್ನೂ..." ಎಂದು ಶುರುಮಾಡಿದ. ಬಾಗಿಲ ಹತ್ತಿರ ಯಾರೋ ಕಿಸಕ್ಕನೆ ನಕ್ಕರು.

"ಯಾವನೋ ಅವನು?" ಅಂದ ದೊರೆ.

"ಅಂಬಿಗರ ಮುದ್ದ, ಬುದ್ಧಿ. ಈ ಸ್ವಾಮಿಯೋರನ್ನ ದಾಟಿಸಿಕೊಂಡು ಬಂದವನು. ವಾಪಸ್ ಕರಕೊಂಡು ಹೋಗೋಣ ಅಂತ ನಿಂತಿದ್ದೆ. ಈಗ ಅವರು ಬರೋ ಹಾಗೆ ಕಾಣಲ್ಲ."

ಬಿಟ್ಟರೆ ಯಾರಾದರೂ ಹೊತ್ತುಕೊಂಡು ಹೋದಾರೆಂದು ದೋಣಿಯ ಹುಟ್ಟುಗೋಲನ್ನು ಕೈಯಲ್ಲೇ ಹಿಡಿದಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

"ನಕ್ಕವನೇ ಉತ್ತರ ಹೇಳು. ತಪ್ಪಿದರೆ ನಿನ್ನ ತಲೆಯೂ ಅವರ ಜೊತೆ."

ಮುದ್ದ ಹೊಳೆಯ ಕಡೆಗೆ ಕೈ ತೋರಿಸಿದ. "ಸದ್ದು, ಬುದ್ಧಿ. ಆಚೆ ದಡದಲ್ಲಿ ಮಡಿವಾಳರು ಬಟ್ಟೆ ಒಗೆಯೋದು ನೋಡಿ. ಬಟ್ಟೆ ಕಲ್ಲಿಗೆ ಬಿದ್ದದ್ದು ಕಂಡು, ಒಂದು ಉಸಿರಾದ ಮೇಲೆ ಸದ್ದು ಬರ್ತದೆ. ಕಿವಿ ನೀರಲ್ಲಿ ಮುಳುಗಿಸಿಕೊಂಡರೆ ಮೊದಲೇ ಬಂದುಬಿಡ್ತದೆ."

ನೀಲಾಜಮ್ಮಣ್ಣಿ ಅವನ ತುಟಿಯನ್ನೇ ನೋಡುತ್ತಿದ್ದಳು. "ಸರಿ. ಆ ಸವಾರ ಕಬ್ಬಿಣದ ಸರಳೊಳಗೆ ಓಡಿಹೋಗಬಲ್ಲ, ಕಲ್ಲುಚಪ್ಪಡಿಯೊಳಗೂ ಓಡಬಲ್ಲ. ಅಂಥವನನ್ನು ಹೂವಿನಷ್ಟು ಮೆತ್ತನೆಯ ಸೆರೆಮನೆಯೊಂದು ಹಿಡಿದುಹಾಕುತ್ತದೆ. ಯಾವುದದು?"

"ಅರಳೆ, ಅಮ್ಮಣ್ಣಿ. ಅರಳೆಮೂಟೆ ಹೇರಿದ ದಿನ ದೋಣಿಯ ಆ ತುದೀಲಿ ಕೂತವರು ನನ್ನನ್ನ ಬೈದರೂ ಈ ತುದಿಗೆ ಸರಿಯಾಗಿ ಕೇಳಿಸಲ್ಲ. ಎಳೆ ಎಳೆಯಲ್ಲೂ ಸಿಕ್ಕಿಕೊಂಡು ಸದ್ದು ಸುಸ್ತಾಗಿಬಿಡ್ತದೆ."

ಸಭೆ ನಕ್ಕಿತು. ಅವಳೂ ನಕ್ಕಳು, ಆದರೆ ಎಲ್ಲರೂ ನಕ್ಕದ್ದನ್ನು ಕಂಡ ಮೇಲೆ. ಮುದ್ದ ಅದನ್ನು ಗಮನಿಸಿದ.

"ಕೊನೆಯದು. ನನ್ನ ಮನೆಗೆ ಎರಡೇ ಬಾಗಿಲು, ಎರಡಕ್ಕೂ ಬೀಗ. ಆದರೂ ಆ ಸವಾರ ಒಳಗೆ ಬರುವ ದಾರಿಯೊಂದಿದೆ. ಯಾವ ದಾರಿ?"

ಬಾಗಿಲಲ್ಲಿ ನಿಂತಾಗಿನಿಂದ ಕಂಡದ್ದೆಲ್ಲ ಮುದ್ದನಿಗೆ ನೆನಪಾಯಿತು. ಭಟನ ಈಟಿ ಹಲಗೆಗೆ ತಗುಲಿದಾಗ ಅವಳ ಬರಿಗಾಲು ಬೆಚ್ಚಿದ್ದು, ಬೆನ್ನ ಹಿಂದೆ ಕಹಳೆ ಊದಿದರೂ ಬೆಚ್ಚದೆ ಇದ್ದದ್ದು, ತುಟಿಯ ಮೇಲೇ ನೆಟ್ಟ ಕಣ್ಣು, ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಉತ್ತರ ಸಿಕ್ಕಿತು. ಆದರೆ ಹೇಳಿದರೆ ತುಂಬಿದ ಸಭೆಯಲ್ಲಿ ಆ ಹುಡುಗಿಯ ಗುಟ್ಟು ಬಯಲು. ಹೇಳದಿದ್ದರೆ ತಲೆ ಹೋಯಿತು.

"ಅಮ್ಮಣ್ಣಿಗೆ ಮಾತ್ರ ಹೇಳ್ತೀನಿ, ಬುದ್ಧಿ."

"ಸಭೆಗೆ ಕೇಳದ ಉತ್ತರ ಉತ್ತರವೇ ಅಲ್ಲ!"

"ಹಾಗಾದರೆ ತಲೆ ತೆಗೆಸಿ. ಅವರಿಗೆ ಹೇಳಿಯೇ ಸಾಯ್ತೀನಿ."

ಮುದ್ದ ಹುಟ್ಟುಗೋಲಿನ ಹಿಡಿಯನ್ನು ಪಂಚೆಯಿಂದ ಒರೆಸಿ ಅವಳ ಕಡೆಗೆ ಚಾಚಿದ. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಬಾಗಿ ಅದನ್ನು ಹಲ್ಲಿನಲ್ಲಿ ಕಚ್ಚಿದಳು! ಅಂಬಿಗನ ಕೋಲು, ಹೊಳೆಯ ಪಾಚಿ, ದೊರೆಮಗಳ ಬಾಯಿ! "ಶಿವ ಶಿವ, ಎಂಜಲು!" ಎಂದು ರಾಣಿ ಕಂಬ ಹಿಡಿದುಕೊಂಡಳು. ಮುದ್ದ ಇನ್ನೊಂದು ತುದಿಗೆ ತನ್ನ ಹಲ್ಲನ್ನು ಒತ್ತಿಕೊಂಡು ಏನೋ ಗೊಣಗಿದ. ಪಕ್ಕದಲ್ಲಿದ್ದ ಭಟನಿಗೂ ತಿಳಿಯಲಿಲ್ಲ.

ನೀಲಾಜಮ್ಮಣ್ಣಿಯ ಕಣ್ಣು ತುಂಬಿತು. ಹನ್ನೊಂದು ವರ್ಷದ ಮೇಲೆ ಅವಳೊಳಗೆ ಬಂದ ಮೊದಲ ಮಾತು ಅದು.

"ಇನ್ನೊಂದು ಸಲ ಹೇಳು," ಅಂದಳು.

ಅವನು ಇನ್ನೊಂದು ಸಲ ಹೇಳಿದ. ಅವಳು ಎದ್ದು ನಿಂತು, "ಸರಿಯಾದ ಉತ್ತರ, ಅಪ್ಪಾಜಿ," ಅಂದಳು. "ನನಗೆ ಕಿವಿ ಕೇಳಿಸುವುದಿಲ್ಲ. ಇಷ್ಟು ದಿನ ನೀವು ಮುಚ್ಚಿಟ್ಟಿರಿ, ಇವತ್ತು ನಾನೇ ಹೇಳುತ್ತೇನೆ. ಬೀಗ ಬಿದ್ದ ಬಾಗಿಲು ನನ್ನ ಕಿವಿಗಳು. ಸದ್ದು ಹಲ್ಲಿನಿಂದ ತಲೆಯ ಎಲುಬಿಗೆ, ಎಲುಬಿನಿಂದ ಒಳಗೆ ಬರುತ್ತದೆ. ವೀಣೆಯ ದಂಡಿ ಕಚ್ಚಿಕೊಂಡು ಅದನ್ನು ನಾನೊಬ್ಬಳೇ ಕಂಡುಕೊಂಡಿದ್ದೆ. ನಿನಗಿದು ಹೇಗೆ ತಿಳಿಯಿತು, ಅಂಬಿಗ?"

"ನಮ್ಮಜ್ಜಿಗೂ ಕಿವುಡು, ಅಮ್ಮಣ್ಣಿ. ಬೀಸೋಕಲ್ಲಿಗೆ ಕೋಲು ಊರಿ, ಇನ್ನೊಂದು ತುದಿ ಕಚ್ಚಿಕೊಂಡು, ಹಿಟ್ಟು ನುಣ್ಣಗಾಯಿತೋ ಇಲ್ಲವೋ ತಿಳ್ಕೊಳ್ಳೋಳು."

"ಅಂಬಿಗನಿಗೆ ನನ್ನ ಮಗಳನ್ನು..." ಎಂದು ದೊರೆ ರಾಗ ಎಳೆದ.

"ತಮಟೆ ಹೊಡೆಸಿದವರು ನೀವು," ಅಂದಳು ಮಗಳು. ದೊರೆ ಲಗ್ನ ನೋಡಿಸಲು ಹೇಳಿಕಳಿಸಿದ.

ಮದುವೆಯ ದಿನವೇ ಯುವರಾಜನನ್ನೂ ಪಂಡಿತನನ್ನೂ ಬಿಟ್ಟುಕಳಿಸಿದರು. ಮುದ್ದನಿಗೆ ಹೊಳೆದಂಡೆಯ ಏಳು ಹಳ್ಳಿ ಬಂದವು. ಹೆಂಡತಿಗೆಂದು ಅವನು ಹಲಸಿನ ಮರದಲ್ಲಿ ಒಂದು ಮೊಳದ ನುಣುಪಾದ ಕೋಲು ಕೆತ್ತಿದ. ಆ ತುದಿ ಅವಳ ಹಲ್ಲಿಗೆ, ಈ ತುದಿ ಇವನ ಹಲ್ಲಿಗೆ. ಕದಕ್ಕೆ ಹಚ್ಚಿ ಹಚ್ಚಿ ದಾಸಿಯರ ಕಿವಿ ಕೆಂಪಾದವೇ ಹೊರತು ಅವಳ ನಗುವೊಂದನ್ನು ಬಿಟ್ಟು ಏನೂ ದಕ್ಕಲಿಲ್ಲ. ಅರಮನೆಯ ಗಂಡ ಹೆಂಡತಿ ಏನು ಮಾತಾಡಿಕೊಂಡರೆಂದು ಊರಿಗೆ ತಿಳಿಯದೆ ಹೋದದ್ದು ಕಲ್ಗುಡಿಯಲ್ಲಿ ಅದೇ ಮೊದಲು.