ಶನಿವಾರದ ಮಸಿ

ಶಾಲೆಗೆ ಹೊಸದಾಗಿ ಬಂದ ಸ್ಮಾರ್ಟ್ ಬೋರ್ಡು ಪಕ್ಕದ ಕರಿಹಲಗೆಗೆ ಹೇಳಿತು: “ಅಜ್ಜ, ಪ್ರತಿ ಶನಿವಾರ ಮಕ್ಕಳು ತೊಂಡೆಸೊಪ್ಪು, ಇದ್ದಿಲು ಅರೆದು ನಿನ್ನ ಮುಖಕ್ಕೆ ಮೆತ್ತುತ್ತಾರೆ. ನನ್ನನ್ನು ಮೇಷ್ಟ್ರೂ ಬೆರಳ ತುದಿಯಲ್ಲೇ ಮುಟ್ಟುತ್ತಾರೆ.”

ಕರಿಹಲಗೆಗೆ ಚುರುಕ್ಕೆಂದಿತು. ಅಂದೂ ಶನಿವಾರವೇ.

ಅಷ್ಟರಲ್ಲಿ ಕರೆಂಟು ಹೋಗಿ ಸ್ಮಾರ್ಟ್ ಬೋರ್ಡಿನ ಮುಖ ಕಪ್ಪಾಯಿತು. ಎರಡನೇ ಕ್ಲಾಸಿನ ನೀಲವ್ವ ಅದರ ಮೇಲೆ ಬರೆಯಹೋದರೆ ಸೀಮೆಸುಣ್ಣ ಜಾರಿತು. “ಪಾಪ, ಇದಕ್ಕೆ ಯಾರೂ ಮಸಿ ಹಚ್ಚೇ ಇಲ್ಲ,” ಎಂದು ಅವಳು ಸೊಪ್ಪಿನ ಮುದ್ದೆ ತಂದಳು.

“ಅಜ್ಜ, ಕಾಪಾಡು,” ಎಂದು ಸ್ಮಾರ್ಟ್ ಬೋರ್ಡು ನಡುಗಿತು.

ಮೆತ್ತಲಿ ಬಿಡು ಎಂದು ಕರಿಹಲಗೆಗೆ ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಆದರೂ ಮೈ ಅಲುಗಿಸಿ ಡಸ್ಟರು ಬೀಳಿಸಿತು. ಸದ್ದಿಗೆ ತಿರುಗಿದ ನೀಲವ್ವ, “ಅಯ್ಯೋ, ನಿನ್ನನ್ನೇ ಮರೆತಿದ್ದೆ,” ಎಂದು ಮುದ್ದೆಯನ್ನೆಲ್ಲ ಅದಕ್ಕೇ ಬಳಿದಳು.

ಕರೆಂಟು ಬಂತು. ಸ್ಮಾರ್ಟ್ ಬೋರ್ಡು ಮೆಲ್ಲಗೆ ಅಂದಿತು: “ಅಜ್ಜ, ಬರುವ ಶನಿವಾರ ನಿನಗೆ ಮಸಿ ಹಚ್ಚುವಾಗ ನಾನು ಹಾಡು ಹಾಕುತ್ತೇನೆ.”