ಗೀಟು ಹೊಡೆದ ಸಾಲು

"ಗುರುಗಳೇ, ನಮ್ಮ ಜಾವಾಸ್ಕ್ರಿಪ್ಟ್ ಆ್ಯಪ್‌ಗೆ ಹೊಸ ಎಡಿಟರ್ ಜೋಡಿಸಿ ಆಯಿತು. ದಪ್ಪಕ್ಷರ, ಬಣ್ಣ, ಗೀಟು, ಎಲ್ಲ ಬಟನ್ನುಗಳೂ ಕೆಲಸ ಮಾಡುತ್ತವೆ. ಬರೆದದ್ದು ಬರೆದ ಹಾಗೇ ಕಾಣುತ್ತದೆ. ಇನ್ನೇನಾದರೂ ಬಾಕಿ ಇದೆಯೇ?" ಎಂದು ಶಿಷ್ಯ ಕೇಳಿದ. ಕೇಳುತ್ತಲೇ ಲ್ಯಾಪ್‌ಟಾಪನ್ನು ಗುರುವಿನ ಕಡೆಗೆ ತಿರುಗಿಸಿದ.

ಗುರು ಅದರತ್ತ ನೋಡಲಿಲ್ಲ. "ಕೂತುಕೋ" ಎಂದು ಒಂದು ಕತೆ ಹೇಳತೊಡಗಿದರು.

ಒಂದು ಅಣೆಕಟ್ಟು ಇತ್ತು. ಅದರ ಕೆಳಗೆ ನದಿಯನ್ನೇ ನಂಬಿದ ಊರುಗಳಿದ್ದವು. ಗೇಟು ತೆರೆಯುವ ಮೊದಲು ಒಬ್ಬ ಮನುಷ್ಯ ದಡದುದ್ದಕ್ಕೂ ಡಂಗುರ ಹೊಡೆದು ಕೂಗಿ ಹೇಳುತ್ತಿದ್ದ. ಕಾಲ ಮುಂದುವರಿಯಿತು ನೋಡು, ಅವನನ್ನು ಮನೆಗೆ ಕಳಿಸಿದರು. ಅಣೆಕಟ್ಟಿನ ಎಂಜಿನಿಯರು ಕಂಪ್ಯೂಟರಿನಲ್ಲಿ ಸೂಚನೆ ಬರೆದರೆ ಅದು ದಡದವರ ಫೋನುಗಳಿಗೆ ಸಂದೇಶವಾಗಿ ಹೋಗುವಂತೆ ಒಬ್ಬ ಪ್ರೋಗ್ರಾಮರ್ ಆ್ಯಪ್ ಮಾಡಿಕೊಟ್ಟ.

ಆ್ಯಪಿನಲ್ಲಿ ಬರೆಯಲು ಅಕ್ಷರಗಳನ್ನಷ್ಟೇ ಹಿಡಿಯುವ ಒಂದು ಬರಿಯ ಪೆಟ್ಟಿಗೆ ಇತ್ತು. ಎಂಜಿನಿಯರಿಗೆ ಅದು ಸಾಲಲಿಲ್ಲ. ಆತ ಕಡತಗಳ ನಡುವೆ ತಲೆ ನರೆತ ಮನುಷ್ಯ. ಕಡತದಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಅದಕ್ಕೆ ಗೀಟು ಹೊಡೆದು, ಸರಿಯಾದದ್ದನ್ನು ಕೆಳಗೆ ಬರೆಯಬೇಕು. ಕಂಪ್ಯೂಟರಿನಲ್ಲೂ ಗೀಟು ಹೊಡೆಯುವ ಅನುಕೂಲ ಬೇಕು ಎಂದು ಆತ ಹಟ ಹಿಡಿದ.

ಪ್ರೋಗ್ರಾಮರ್ ಸಿದ್ಧ ಎಡಿಟರ್ ಒಂದನ್ನು ತಂದು ಒಂದೇ ಮಧ್ಯಾಹ್ನದಲ್ಲಿ ಜೋಡಿಸಿದ. ಮೂರು ಬ್ರೌಸರ್‌ಗಳಲ್ಲಿ ಪರೀಕ್ಷಿಸಿದ. ಮೂರರಲ್ಲೂ ಗೀಟು ಚೆನ್ನಾಗಿ ಬಂತು. ದಡದವರ ಸಣ್ಣ ಫೋನುಗಳು ಬಣ್ಣವನ್ನಾಗಲಿ ಗೀಟನ್ನಾಗಲಿ ತೋರಿಸಲಾರವು ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೆಂದೇ, ಕಳಿಸುವಾಗ ಅಲಂಕಾರವನ್ನೆಲ್ಲ ಕಳಚಿ ಅಕ್ಷರಗಳನ್ನಷ್ಟೇ ಉಳಿಸು ಎಂದು ಒಂದು ಸಾಲು ಕೋಡ್ ಬರೆದ. ಗೀಟು ಕೂಡ ಅವನ ಕಣ್ಣಿಗೆ ಅಲಂಕಾರವೇ ಆಗಿತ್ತು. ಎಲ್ಲರೂ ಭೇಷ್ ಎಂದರು, ಅವನೂ ಕೆಲಸ ಮುಗಿಯಿತೆಂದು ಎದ್ದು ಹೋದ.

ಒಂದು ದಿನ ಬೆಳಿಗ್ಗೆ ಎಂಜಿನಿಯರು ಬರೆದು ಕಳಿಸಿದ: "ಇಂದು ನೀರು ಬಿಡುವುದಿಲ್ಲ." ಒಬ್ಬ ಮೀನುಗಾರ ಅದನ್ನು ಓದಿ ಹರಿಗೋಲನ್ನು ನದಿಗೆ ಇಳಿಸಿದ. ಆದರೆ ಮೇಲಿನ ಸೀಮೆಯಲ್ಲಿ ಮಳೆ ಸುರಿದು, ಹನ್ನೊಂದರ ಹೊತ್ತಿಗೆ ಅಣೆಕಟ್ಟು ತುಂಬಿಕೊಂಡಿತು. ಎಂಜಿನಿಯರು ಬೆಳಗಿನ ಸೂಚನೆಯನ್ನೇ ತೆರೆದು, ಅದರ ಮೇಲೆ ನೀಟಾಗಿ ಗೀಟು ಹೊಡೆದ. ಕೆಳಗೆ ಹೀಗೆ ಬರೆದು ಮತ್ತೆ ಕಳಿಸಿದ: "ಮಧ್ಯಾಹ್ನ ಹನ್ನೆರಡಕ್ಕೆ ಗೇಟು ತೆರೆಯಲಾಗುವುದು. ನದಿಯಲ್ಲಿರುವವರು ಕೂಡಲೇ ದಡ ಸೇರಬೇಕು." ಆತನ ಕಂಪ್ಯೂಟರಿನಲ್ಲಿ ನೋಡಿದ್ದರೆ ಮಗುವಿಗೂ ಅರ್ಥವಾಗುತ್ತಿತ್ತು.

ಮೀನುಗಾರ ಆಗ ದಡಕ್ಕೆ ಬಂದು ಹೆಂಡತಿಯ ಬುಟ್ಟಿಗೆ ಮೀನು ಸುರಿಯುತ್ತಿದ್ದ. ಅವಳ ಹೆಸರು ಹುಲಿಗೆವ್ವ. ಉಳಿದವರ ಹೆಸರು ನಿನಗೆ ಬೇಡ, ಇವಳದ್ದೊಂದು ನೆನಪಿರಲಿ. ಫೋನು ಸದ್ದು ಮಾಡಿತು. ಅವನು ಒದ್ದೆ ಹೆಬ್ಬೆರಳಿನಿಂದ ಒತ್ತಿ ನೋಡಿದ. ಕಂಡದ್ದು ಬೆಳಗಿನ ಸಾಲೇ, ಗೀಟಿಲ್ಲದೆ. ಮುಂದಿನದನ್ನು ಓದಲು ಕೆಳಗೆ ಸರಿಸಬೇಕಿತ್ತು. ಓದಿದ್ದನ್ನೇ ಮತ್ತೆ ಓದಲು ಯಾರು ಸರಿಸುತ್ತಾರೆ?

"ಏನಂತ?" ಎಂದಳು ಹುಲಿಗೆವ್ವ.

"ಮುಂಜಾನಿದ್ದೇ ಮತ್ತ ಕಳಿಸ್ಯಾರ. ಇವತ್ತ ನೀರು ಬಿಡಂಗಿಲ್ಲಂತ."

"ಹಂಗಾರ ಇನ್ನೊಂದು ಸಲ ಬಲಿ ಬೀಸಿ ಬಾ. ಮೀನು ಚಲೋ ಬೀಳಾಕತ್ತಾವ."

ಫೋನು ನೆನೆದೀತೆಂದು ಅದನ್ನು ಅವಳ ಕೈಗೆ ಕೊಟ್ಟು ಅವನು ಹೊರಟ. ಹನ್ನೆರಡಕ್ಕೆ ಸರಿಯಾಗಿ ಗೇಟು ತೆರೆಯಿತು. ಹರಿಗೋಲು ಆ ಸಂಜೆಯೇ ಸಿಕ್ಕಿತು. ಅವನು ಸಿಕ್ಕಿದ್ದು ಮೂರನೆಯ ದಿನ.

ವಿಚಾರಣೆ ನಡೆಯಿತು. ಎಂಜಿನಿಯರು ಕಡತದ ನಿಯಮ ತೋರಿಸಿದ. ಪ್ರೋಗ್ರಾಮರ್ ಹುಲಿಗೆವ್ವನಿಗೆ ತನ್ನ ಕಂಪ್ಯೂಟರು ತೋರಿಸಿ, "ನೋಡಮ್ಮಾ, ಗೀಟು ಸರಿಯಾಗಿಯೇ ಇದೆ" ಎಂದ. ಹುಲಿಗೆವ್ವ ಸೊಂಟದಿಂದ ಫೋನು ತೆಗೆದು ಮುಂದೆ ಹಿಡಿದಳು. "ಇದರಾಗ ಎಲ್ಲೈತ್ರಿ ಸಾಹೇಬ್ರ ಗೀಟು? ತೋರಿಸ್ರಿ. ನಾನ ಅವನ್ನ ಹೋಗಂದೆ."

ಯಾರೂ ಆ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ.

ಸಂದೇಶ ತಲುಪಿದೆ, ಎಚ್ಚರಿಕೆಯೂ ಅದರಲ್ಲೇ ಇದೆ, ಸತ್ತವನು ಪೂರ್ತಿ ಓದಬೇಕಿತ್ತು ಎಂದು ತೀರ್ಮಾನವಾಯಿತು. ಎಂಜಿನಿಯರದ್ದಾಗಲಿ ಪ್ರೋಗ್ರಾಮರದ್ದಾಗಲಿ ಒಂದು ಕೂದಲೂ ಕೊಂಕಲಿಲ್ಲ. ಆಮೇಲೆ ದಡದವರಿಗೆ ಬುದ್ಧಿ ಹೇಳಲು ಒಂದು ಸೂಚನೆ ಹೊರಟಿತು: "ಸಂದೇಶಗಳನ್ನು ಕೊನೆಯವರೆಗೆ ಓದತಕ್ಕದ್ದು." ಅದೇ ಎಡಿಟರ್‌ನಲ್ಲಿ ದಪ್ಪಕ್ಷರದಲ್ಲಿ, ಕೆಂಪು ಬಣ್ಣದಲ್ಲಿ ಬರೆದಿದ್ದರು, ನಾಚಿಕೆಯಿಲ್ಲದವರು. ಹುಲಿಗೆವ್ವನ ಫೋನಿಗೂ ಅದು ಬಂತು. ದಪ್ಪವೂ ಇರಲಿಲ್ಲ, ಕೆಂಪೂ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಆ ಒಂದು ಸಾಲು ಕೋಡ್ ಸರಿಯಾಗಿ ಬರೆದಿದ್ದರೆ ಸಾಕಿತ್ತು, ಗುರುಗಳೇ. ನಮ್ಮದು ಹಾಗಲ್ಲ, ಇಲ್ಲಿ ನೋಡಿ" ಎಂದು ಲ್ಯಾಪ್‌ಟಾಪನ್ನು ಇನ್ನಷ್ಟು ಹತ್ತಿರ ಸರಿಸಿದ.

ಗುರು ಅದರ ಮುಚ್ಚಳ ಹಾಕಿದರು.

"ಬರೆದ ಹಾಗೇ ಕಾಣುತ್ತದೆ ಎಂದೆಯಲ್ಲ, ಯಾರಿಗೆ?"