ಹಾರ್ನಿಗೆ ಸಿಕ್ಕ ಮೊದಲ ವೀಳ್ಯ

ಒಂದಾನೊಂದು ಊರಿನಲ್ಲಿ ಒಂದು ಕ್ಯಾಮು... ಕ್ಯಾಮು ಎಂಥದೋ ಇತ್ತು. ಕ್ಯಾಮು ಸಾಪು? ಅಲ್ಲ. ನಮ್ಮೂರ ಗ್ಯಾರೇಜಿನವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಊರು ಬಿಟ್ಟು ಐವತ್ತು ವರ್ಷವಾಯಿತು, ಅರ್ಧ ಹೆಸರು ಅಲ್ಲೇ ಉಳಿದುಬಿಟ್ಟಿದೆ. ಇರಲಿ, ಸರಳು ಎನ್ನೋಣ. ಮೈತುಂಬ ಉಬ್ಬುಗಳಿರುವ ಕಬ್ಬಿಣದ ಸರಳು.

ಕಾರಿನ ಇಂಜಿನ್ನಿನಲ್ಲಿ ನಾಲ್ಕು ಕೋಣೆ. ಒಂದೊಂದು ಕೋಣೆಗೂ ಎರಡೆರಡು ಬಾಗಿಲು. ಗಾಳಿ, ಪೆಟ್ರೋಲು ಒಳಗೆ ಬರಲು ಒಂದು, ಹೊಗೆ ಹೊರಗೆ ಹೋಗಲು ಒಂದು. ಸರಳು ಸುತ್ತುತ್ತದೆ, ಉಬ್ಬು ತಾಗುತ್ತದೆ, ಬಾಗಿಲು ತೆರೆಯುತ್ತದೆ. ಉಬ್ಬು ದಾಟುತ್ತದೆ, ಬಾಗಿಲು ಮುಚ್ಚುತ್ತದೆ. ಅರಮನೆಯ ದ್ವಾರಪಾಲಕನ ಕೆಲಸವೇ ಇದು. ಆದರೆ ಸರಳು ನಿಜವಾಗಿ ಕೆಲಸ ಮಾಡುತ್ತದೆ.

ಆ ಊರಿನ ರಾಜನ ಹೆಸರು ಬೀಗಪ್ಪರಾಜ. ರಾಜ್ಯದ ಉದ್ದ ಒಂದೂವರೆ ಮೈಲಿ, ಬಿರುದಿನ ಉದ್ದ ಎರಡು ಮೈಲಿ. ಬಿರುದು ಕೂಗುವವನು ಕೊನೆಯ ಅರ್ಧ ಮೈಲಿಯನ್ನು ಪಕ್ಕದ ರಾಜ್ಯದಲ್ಲಿ ನಿಂತು ಕೂಗಬೇಕಾಗಿತ್ತು. ಇಂಥ ರಾಜನಿಗೆ ದಿನವೂ ಒಂದು ಅವಮಾನ ಆಗುತ್ತಿತ್ತು.

ಏನೆಂದರೆ, ಆ ಊರಿನಲ್ಲಿ ಬೆಳಗ್ಗೆ ಹುಣಸೆಕಟ್ಟೆಗೆ ಯಾರು ಮೊದಲು ಬರುತ್ತಾರೋ ಅವರಿಗೆ ಮೊದಲ ವೀಳ್ಯ. ಗೌಡ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕಾಯುತ್ತಿದ್ದ. ರಾಜ ಅರಮನೆಯ ಬಾಗಿಲಲ್ಲಿ ಹಾರ್ನ್ ಒತ್ತಿ ಕಾರಿನಲ್ಲಿ ಹೊರಡುತ್ತಿದ್ದ. ಪೋಂ ಎನ್ನುವ ಸದ್ದು ಮೊದಲು ಕಟ್ಟೆ ತಲುಪುತ್ತಿತ್ತು. ರಾಜ ಆಮೇಲೆ. ಗೌಡ ಕಟ್ಟುನಿಟ್ಟಿನ ಮನುಷ್ಯ. ಮೊದಲ ವೀಳ್ಯವನ್ನು ಸದ್ದಿಗೆ ಕೊಡುತ್ತಿದ್ದ, ಎರಡನೆಯದನ್ನು ರಾಜನಿಗೆ. ಸದ್ದು ಅದನ್ನು ಹೇಗೆ ಜಗಿಯುತ್ತಿತ್ತು ಎಂದು ಕೇಳಬೇಡಿ. ಜಗಿಯುತ್ತಿತ್ತು.

ಹಾರ್ನ್ ಒತ್ತದೆ ಹೋಗಬಹುದಲ್ಲ ಎಂದು ಮಂತ್ರಿ ಒಮ್ಮೆ ಹೇಳಿ ನೋಡಿದ.

"ಹಾರ್ನ್ ಒತ್ತದೆ ಹೋಗಲು ನಾನೇನು ಸೊಪ್ಪು ಮಾರುವವನೇ?" ಎಂದ ರಾಜ. ಅಲ್ಲಿಗೆ ಆ ಮಾತು ಮುಗಿಯಿತು.

ಹಾರ್ನಿಗಿಂತ ಮೊದಲು ತಲುಪುವ ಹಾಗೆ ಕಾರನ್ನು ಮಾಡಿಕೊಡಲು ಕಮ್ಮಾರ ಮೌನಪ್ಪನಿಗೆ ಕರೆ ಹೋಯಿತು. ಊರಿನಲ್ಲಿ ಸುತ್ತಿಗೆ ಇದ್ದದ್ದು ಅವನೊಬ್ಬನ ಹತ್ತಿರ. ಅವನ ಕುಲುಮೆ ರಸ್ತೆಯ ಮಧ್ಯಕ್ಕೇ ಇತ್ತು. ಅವನ ಅವ್ವ ತಿದಿ ಒತ್ತಿದ ಕುಲುಮೆ, ಈಗ ಹೆಂಡತಿ ಕಾಳಮ್ಮ ತಿದಿ ಒತ್ತುವ ಕುಲುಮೆ. ಹಿಂದೆಯೇ ಒಂದು ಕೋಣೆಯ ಮನೆ. ರಸ್ತೆ ಅರಮನೆಯಿಂದ ನೆಟ್ಟಗೆ ಬಂದು, ಕುಲುಮೆಯನ್ನು ಕಂಡು, ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಕಟ್ಟೆಗೆ ಹೋಗುತ್ತಿತ್ತು. ಆ ರಾಜ್ಯದಲ್ಲಿ ಮರ್ಯಾದೆ ಗೊತ್ತಿದ್ದದ್ದು ಆ ರಸ್ತೆಗೆ ಮಾತ್ರ.

ಇಂಜಿನ್ನಿನ ಸರಳು ಬದಲಾಯಿಸಿದರೆ ಕಾರು ಇನ್ನಷ್ಟು ಓಡುತ್ತದೆ ಎಂದ ಮೌನಪ್ಪ. ಪೇಟೆಯಿಂದ ಮೂರು ಸರಳುಗಳು ಬಂದವು. ಸಭೆ ಕೂಡಿತು.

ಮೊದಲನೆಯ ಸರಳು ಕೈಮುಗಿದು ಮಾತಾಡಿತು. ಬಾಗಿಲನ್ನು ಸ್ವಲ್ಪ ಹೆಚ್ಚು ಅಗಲ ತೆರೆಯುತ್ತೇನೆ, ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತೇನೆ, ಸಂತೆಗೂ ಆಗುತ್ತೇನೆ, ದಿಬ್ಬಕ್ಕೂ ಆಗುತ್ತೇನೆ ಎಂದಿತು. ಎರಡನೆಯದು ಇನ್ನೂ ಸ್ವಲ್ಪ ಜೋರು, ಆದರೆ ನಿಂತಾಗ ಗೊಣಗುವ ಅಭ್ಯಾಸ ಇದೆ ಎಂದು ಒಪ್ಪಿಕೊಂಡಿತು. ಮೂರನೆಯದು ರೇಷ್ಮೆ ಸುತ್ತಿಕೊಂಡು ನಿದ್ದೆ ಮಾಡುತ್ತಿತ್ತು. ಮೌನಪ್ಪ ತಟ್ಟಿ ಎಬ್ಬಿಸಿದ.

"ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ಸುತ್ತುವವರೆಗೆ ನನ್ನನ್ನು ಎಬ್ಬಿಸಬಾರದು," ಎಂದಿತು ಅದು. "ಅಲ್ಲಿಯವರೆಗೆ ನಾನು ಏನೂ ಮಾಡುವುದಿಲ್ಲ. ಪೆಟ್ರೋಲು ಎರಡರಷ್ಟು ಬೇಕು. ನಿಂತಲ್ಲೇ ನಡುಗುತ್ತೇನೆ." ಇಷ್ಟು ಹೇಳಿ ಮತ್ತೆ ಮಲಗಿತು.

ರಾಜನ ಕಣ್ಣು ತುಂಬಿ ಬಂತು. "ಏನೂ ಮಾಡುವುದಿಲ್ಲ, ಎರಡರಷ್ಟು ತಿನ್ನುತ್ತದೆ, ಎಬ್ಬಿಸಿದರೆ ಸಿಟ್ಟು. ಇದು ನಮ್ಮ ವಂಶದ್ದೇ," ಎಂದ.

"ಬುದ್ಧಿ, ನಮ್ಮ ಒಂದೂವರೆ ಮೈಲಿಗೆ ಮೊದಲನೆಯದೇ ಸಾಕು," ಎಂದ ಮೌನಪ್ಪ.

"ಸಾಕು ಎನ್ನುವುದು ನಿಮ್ಮಂಥವರ ಮಾತು, ಆಚಾರಿ."

ಮೂರನೆಯದನ್ನೇ ಕೊಂಡರು. ಕೊಂಡ ಮೇಲೆ ಅದರ ಬೇಡಿಕೆಗಳು ಶುರುವಾದವು. ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಲು ಗಟ್ಟಿ ಸ್ಪ್ರಿಂಗು ಬೇಕು ಎಂದಿತು. ರಾಣಿಯ ಮಂಚದ ಸ್ಪ್ರಿಂಗು ಕಿತ್ತು ಕೊಟ್ಟರು. ರಾಣಿ ಅಂದಿನಿಂದ ಚಾಪೆಯ ಮೇಲೆ ಮಲಗಿದಳು, ಬೆನ್ನುನೋವು ಹೋಯಿತು ಎಂದು ಯಾರಿಗೂ ಹೇಳಲಿಲ್ಲ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರ್ ಅಗಲ ಬಾಯಿಯದು ಬೇಕು ಎಂದಿತು. ಆಸ್ಥಾನದಲ್ಲಿ ಎಲ್ಲಕ್ಕಿಂತ ಅಗಲ ಬಾಯಿ ಹೊಗಳುಭಟ್ಟನದು. ಅದರ ಅಳತೆ ತೆಗೆದು ಎರಕ ಹೊಯ್ದರು.

ಇನ್ನು ಕೂರಿಸುವ ಕೆಲಸ. ಇಂಜಿನ್ನಿನ ಮುಂಭಾಗದಲ್ಲಿ ಎರಡು ಹಲ್ಲಿನ ಚಕ್ರ. ಮೇಲಿನದು ಸರಳಿನದು, ಕೆಳಗಿನದು ಕೋಣೆಯೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನುಗಳದ್ದು. ಯಾವ ಹಲ್ಲಿನ ಎದುರು ಯಾವ ಹಲ್ಲು ಕೂರಬೇಕು ಎಂದು ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಬೇಕು. ಒಂದು ಹಲ್ಲು ಆಚೀಚೆಯಾದರೂ ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತದೆ. ಎಣ್ಣೆಯಲ್ಲಿ ಸೀಮೆಸುಣ್ಣ ನಿಲ್ಲುವುದಿಲ್ಲ. ಅದಕ್ಕೆ ಮೌನಪ್ಪ ಎಣ್ಣೆಯಲ್ಲಿ ಕುಂಕುಮ ಕಲಸಿ ಮೇಲೊಂದು ಬೊಟ್ಟು, ಕೆಳಗೊಂದು ಬೊಟ್ಟು ಇಟ್ಟ. ಹಳೆಯ ಸರಳನ್ನು ಬಿಚ್ಚಿ ಪಕ್ಕಕ್ಕಿಟ್ಟು ಮನೆಗೆ ಹೋದ.

ಮಾರನೆಯ ದಿನ ಆಯುಧಪೂಜೆ.

ರಾಜನೇ ತಟ್ಟೆ ಹಿಡಿದು ಬಂದ. ಬಿಚ್ಚಿಟ್ಟ ಇಂಜಿನ್ ನೋಡಿದ. ಚಕ್ರಕ್ಕೊಂದೇ ಹಲ್ಲಿಗೆ ಕುಂಕುಮ ಇಟ್ಟಿದ್ದು ನೋಡಿ ಅವನಿಗೆ ಬೇಸರವಾಯಿತು. ಒಂದಕ್ಕೆ ಇಟ್ಟು ಉಳಿದವಕ್ಕೆ ಬಿಟ್ಟರೆ ಪಂಕ್ತಿಭೇದ ಆಗುವುದಿಲ್ಲವೇ? ಮೇಲಿನ ನಲವತ್ತನಾಲ್ಕು ಹಲ್ಲಿಗೂ ಕೆಳಗಿನ ಇಪ್ಪತ್ತೆರಡು ಹಲ್ಲಿಗೂ ಒಂದೂ ಬಿಡದೆ ಬೊಟ್ಟು ಇಟ್ಟ. ಆ ರಾಜ್ಯದಲ್ಲಿ ಎಲ್ಲರನ್ನೂ ಸಮಾನವಾಗಿ ಕಂಡದ್ದು ಅದೊಂದೇ ಸಲ.

ಮೌನಪ್ಪ ಬಂದು ನೋಡಿದರೆ ಎರಡೂ ಚಕ್ರಗಳು ಎಲೆ ಅಡಿಕೆ ತಿಂದ ಹಾಗೆ ನಗುತ್ತಿವೆ. ರಾಜನ ಕೈಯಿಂದ ತಪ್ಪಾಗಿದೆ ಎಂದು ಹೇಳಿ ಮನೆಗೆ ಹೋದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಮೌನಪ್ಪ ಹಳೆಯ ಸರಳನ್ನು ಕೇಳಿದ, ಅಣ್ಣಾ, ನೀನಿದ್ದಾಗ ಯಾವ ಹಲ್ಲು? "ನಾನು ನಿವೃತ್ತ," ಎಂದಿತು ಅದು. ಅಂದಾಜಿನ ಮೇಲೆ ಒಂದು ಹಲ್ಲಿಗೆ ಕೂರಿಸಿ, ದೇವರ ಮೇಲೆ ಭಾರ ಹಾಕಿ ಮುಚ್ಚಳ ಮುಚ್ಚಿದ.

ಸೋಮವಾರ ಬೆಳಗ್ಗೆ ಕಾರು ಶುರುವಾಯಿತು. ನಿಂತಲ್ಲೇ ದಡ್ ದಡ್ ಎಂದು ನಡುಗಿತು. ಮಂತ್ರಿಯ ಪೇಟ ಮೂಗಿನವರೆಗೆ ಇಳಿಯಿತು. ಊರ ಹೆಂಗಸರು ಮೊಸರಿನ ಗಡಿಗೆ ತಂದು ಬಂಪರಿಗೆ ಕಟ್ಟಿದರು, ಬೆಣ್ಣೆ ತೆಗೆದುಕೊಂಡು ಹೋದರು. ಆ ಕಾರಿನಿಂದ ಊರಿಗೆ ಆದ ಉಪಕಾರ ಅಷ್ಟೇ.

ರಾಜ ಪೋಂ ಎಂದು ಒತ್ತಿ ಹೊರಟ. ದಾರಿಯಲ್ಲಿ ಒಂದು ಸಲ ಸೀನಿದ್ದಷ್ಟೇ ಅವನಿಗೆ ನೆನಪು. ಕಟ್ಟೆ ತಲುಪಿದಾಗ ಮಂಗಳವಾರ ಮಧ್ಯಾಹ್ನ ಆಗಿತ್ತು.

"ಬುದ್ಧಿ, ನೀವು ಸೋಮವಾರ ಹೊರಟವರು," ಎಂದ ಗೌಡ. "ಸೋಮವಾರದ ಮೊದಲ ವೀಳ್ಯವನ್ನು ಹಾರ್ನು ನಿನ್ನೆಯೇ ತಿಂದು ಹೋಯಿತು. ತಗೊಳ್ಳಿ, ಎರಡನೆಯದು. ಸ್ವಲ್ಪ ಬಾಡಿದೆ."

ರಾಜ ಸರಳನ್ನು ಕೇಳಿದ. ಸರಳು ಆಕಳಿಸಿತು. ತಾನು ಒಂದು ಕಣ್ಣು ತೆರೆಯುವಷ್ಟರಲ್ಲಿ ತಿರುವು ಬಂತು, ಕಾರು ನಿಧಾನವಾಯಿತು, ತಾನು ಮತ್ತೆ ಮಲಗಿದೆ ಎಂದಿತು. ತಿರುವು ತೆಗೆಯಿರಿ ಎಂದಿತು. ತಿರುವು ಯಾಕಿದೆ? ಕುಲುಮೆ ಇರುವುದರಿಂದ. ಹಾಗಾದರೆ ಬುಧವಾರ ಬೆಳಗ್ಗೆ ಕುಲುಮೆ ಕೆಡವಿ ರಸ್ತೆ ನೆಟ್ಟಗೆ ಮಾಡಿ ಎಂದು ರಾಜ ಅಪ್ಪಣೆ ಮಾಡಿದ. ಸರಳಿಗೆ ನಿದ್ದೆ ಬಂದರೆ ಕುಲುಮೆ ಬೀಳಬೇಕು. ನ್ಯಾಯ ಅಷ್ಟು ಸುಲಭವಾಗಿತ್ತು.

ಆ ಸಂಜೆ ಮೌನಪ್ಪ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಕಾಳಮ್ಮ ಪಕ್ಕದಲ್ಲಿ ನಿಂತಳು.

"ಒಂದು ಹಲ್ಲು ಹಿಂದೆ ಕೂತಿದೆ ಕಣೆ. ಅದಕ್ಕೇ ಒಂದು ದಿನ ತಡ."

"ಸರಿಯಾದ ಹಲ್ಲಿಗೆ ಹಾಕಿದರೆ?"

"ಹಾರ್ನಿನ ಹಿಂದೆ ಹೋಗುತ್ತೆ, ಮೊದಲಿನ ಹಾಗೆ. ಕುಲುಮೆ ಹೇಗೂ ಉಳಿಯಲ್ಲ."

"ಅದಕ್ಕಿಂತ ಒಂದು ಹಲ್ಲು ಮುಂದೆ ಹಾಕ್ರಿ."

"ಹುಚ್ಚೇನೇ ನಿನಗೆ? ಬಾಗಿಲು ತೆರೆದಿರುವಾಗಲೇ ಪಿಸ್ಟನ್ ಬಂದು ಗುದ್ದಿದರೆ ಇಂಜಿನ್ ಪುಡಿಪುಡಿ. ಆಮೇಲೆ ಕುಲುಮೆ ಮಾತ್ರ ಅಲ್ಲ, ತಲೆಯೂ ಹೋಗುತ್ತೆ."

"ನಾಳೆ ಕುಲುಮೆ ಹೋದ ಮೇಲೆ ಆ ತಲೆ ಇಟ್ಟುಕೊಂಡು ಏನು ಬಡಿಯುತ್ತೀರಿ?" ಎಂದಳು ಕಾಳಮ್ಮ.

ಮೌನಪ್ಪ ಹಲ್ಲು ಸರಿಸಿದ. ಶುರು ಮಾಡುವ ಮೊದಲು ಕೈಯಲ್ಲೇ ಎರಡು ಪೂರ್ತಿ ಸುತ್ತು ಸುತ್ತಿ ನೋಡುವುದು ಅವನ ಪದ್ಧತಿ. ಅವನು ಹಿಡಿಕೆ ಮುಟ್ಟಿ ಬಿಟ್ಟ. ಕಾಳಮ್ಮ ಅವನನ್ನು ಸರಿಸಿ ತಾನೇ ಹಿಡಿದಳು. ಮೂವತ್ತು ವರ್ಷ ರಾಗಿಕಲ್ಲು ಬೀಸಿದ ಕೈ ಅದು, ಕಲ್ಲಿನ ನಡುವೆ ಒಂದು ಹರಳು ಸಿಕ್ಕರೂ ಅದಕ್ಕೆ ಗೊತ್ತಾಗುತ್ತಿತ್ತು. ಒಂದು ಸುತ್ತು ತಿರುಗಿಸಿದಳು. ಎರಡನೆಯ ಸುತ್ತಿನ ಅರ್ಧದಲ್ಲಿ ನಿಂತಳು. ಮೌನಪ್ಪ ಕಣ್ಣು ಮುಚ್ಚಿದ.

"ತಾಗಲ್ಲ," ಎಂದಳು. "ಒಂದು ವೀಳ್ಯದೆಲೆ ತೂರುವಷ್ಟು ಜಾಗ ಇದೆ. ಮುಚ್ಚಳ ಹಾಕ್ರಿ."

ಬುಧವಾರ ಬೆಳಗ್ಗೆ ಹಾರೆ ಹಿಡಿದ ಹತ್ತು ಜನ ಕುಲುಮೆಯ ಮುಂದೆ ನಿಂತರು. ಕೆಡವುವುದನ್ನು ನೋಡಲು ರಾಜ ಕಾರಿನಲ್ಲಿ ಹೊರಟು ಕೂತಿದ್ದ. ಮೌನಪ್ಪ ಅರಮನೆಯ ಬಾಗಿಲಿಗೆ ಹೋಗಿ ಕೈಮುಗಿದ. "ಬುದ್ಧಿ, ಅವರು ಹಾರೆ ಎತ್ತಿ ಇಳಿಸುವಷ್ಟರಲ್ಲಿ ಒಂದು ಸಲ ಕಟ್ಟೆಗೆ ಹೋಗಿಬನ್ನಿ. ಇವತ್ತೂ ತಪ್ಪಿದರೆ ನನ್ನ ತಲೆ ತಗೊಳ್ಳಿ."

ತಲೆ ಬಿಟ್ಟಿ ಸಿಗುತ್ತದೆ ಎಂದರೆ ಯಾವ ರಾಜ ಬೇಡ ಎನ್ನುತ್ತಾನೆ? ಪೋಂ ಎಂದು ಒತ್ತಿದ. ಗೇಟು ದಾಟುವ ಮೊದಲೇ ಸರಳು ಥಟ್ಟನೆ ಎದ್ದು ಕೂತಿತು.

"ಬೆಳಗಾಯಿತೇ?" ಎಂದಿತು.

"ಆಯಿತು," ಎಂದಿತು ಹಲ್ಲಿನ ಚಕ್ರ. "ನಿನ್ನೆಯದು."

ರಾಜ ಬುಧವಾರ ಹೊರಟು ಮಂಗಳವಾರ ಬೆಳಗ್ಗೆ ಕಟ್ಟೆ ತಲುಪಿದ. ಗೌಡ ಬೆರಳು ಮಡಚಿ ಎಣಿಸಿದ. "ಬುದ್ಧಿ, ನೀವು ಬುಧವಾರದವರು. ಬುಧವಾರದ ಹಾರ್ನು ಇನ್ನೂ ಬಂದಿಲ್ಲ. ಮೊದಲ ವೀಳ್ಯ ನಿಮ್ಮದೇ," ಎಂದು ತಟ್ಟೆ ಚಾಚಿದ. ರಾಜ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮಧ್ಯಾಹ್ನದವರೆಗೂ ಜಗಿದ.

ಮಧ್ಯಾಹ್ನ ಇನ್ನೊಂದು ಕಾರು ಬಂತು. ಸೋಮವಾರ ಹೊರಟಿದ್ದ ರಾಜ ಸೀನುತ್ತಾ ಇಳಿದ. ಇಳಿದು ನೋಡಿದರೆ ತನ್ನ ಜಾಗದಲ್ಲಿ ತನ್ನದೇ ಮೀಸೆ, ಬಾಯಿ ಕೆಂಪಗೆ.

"ಯಾರಯ್ಯಾ ನೀನು?"

"ನೀನೇ ಕಣಯ್ಯಾ. ಆದರೆ ಮೊದಲು ಬಂದ ನೀನು."

"ನಾನಿಲ್ಲದೆ ನಾನು ಮೊದಲು ಬರುವುದು ಹೇಗೆ? ಏಳು ಮೇಲೆ."

"ಎರಡನೆಯವನಿಗೆ ಸ್ವಲ್ಪ ಬಾಡಿದ್ದು ಕೊಡಪ್ಪಾ, ಗೌಡ."

ಜಗಳ ಹತ್ತಿಕೊಂಡಿತು. ಕುಲುಮೆ ಕೆಡವಿ ಎಂದು ಹೇಳಬೇಕಾಗಿದ್ದ ಹೊತ್ತು ಅದೇ. ತನ್ನನ್ನು ತಾನು ಬೈಯುವ ಭರದಲ್ಲಿ ಸೋಮವಾರದ ರಾಜ ಅದನ್ನು ಹೇಳುವುದನ್ನೇ ಮರೆತ. ಬಾನೆಟ್ ತೆಗೆದು, ಮೊದಲು ಬಂದವನ ಕಾರಿನ ಹಲ್ಲು ನೋಡಿಕೊಂಡು ತಾನೇ ಹಲ್ಲು ಮುಂದಕ್ಕೆ ಸರಿಸಿ, ಆ ಇನ್ನೊಬ್ಬನಿಗಿಂತ ಮೊದಲು ಬರಲು ಭಾನುವಾರಕ್ಕೆ ಹೋದ. ಇನ್ನೊಬ್ಬ ಬಿಟ್ಟಾನೆಯೇ? ಇನ್ನೆರಡು ಹಲ್ಲು ಸರಿಸಿ ಶನಿವಾರಕ್ಕೆ ಹೋದ. ಇವನು ಹಿಂದಿನ ತಿಂಗಳಿಗೆ, ಅವನು ಹಿಂದಿನ ವರ್ಷಕ್ಕೆ.

ಇತ್ತ ಬುಧವಾರ, ಕುಲುಮೆಯ ಮುಂದೆ, ಎತ್ತಿದ ಹಾರೆಗಳು ಎತ್ತಿದಂತೆಯೇ ನಿಂತವು. ಯಾಕೆ ಎತ್ತಿದೆವು ಎಂದು ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಹೇಳಿರಲಿಲ್ಲವಲ್ಲ. ಬಂದದ್ದೇ ಬಂದಾಯಿತು, ಹಾರೆಯ ಮೊನೆ ತಟ್ಟಿಕೊಡು ಆಚಾರಿ ಎಂದು ಸಾಲಾಗಿ ಕೂತರು. ಮೌನಪ್ಪ ಕಾಳಮ್ಮನ ಮುಖ ನೋಡಿದ. ಬೇರೆ ಯಾರು ಮರೆತರೂ ಕುಲುಮೆಯವರಿಗೆ ಮರೆಯುವುದಿಲ್ಲ. ಕಾಳಮ್ಮ ಸೆರಗು ಸಿಕ್ಕಿಸಿ ತಿದಿ ಒತ್ತತೊಡಗಿದಳು.

ಇಬ್ಬರು ರಾಜರೂ ಹೋಗುತ್ತಾ ಹೋಗುತ್ತಾ ರಸ್ತೆ ಹಾಕದ ಕಾಲಕ್ಕೆ, ಹುಣಸೆಮರ ಇನ್ನೂ ಬೀಜವಾಗಿದ್ದ ಕಾಲಕ್ಕೆ ತಲುಪಿದ್ದಾರಂತೆ. ಅಲ್ಲಿ ಕಟ್ಟೆ ಇಲ್ಲ, ಗೌಡ ಇಲ್ಲ, ವೀಳ್ಯ ಇಲ್ಲ. ಯಾರು ಮೊದಲು ಎಂಬ ಜಗಳ ಮಾತ್ರ ಇದೆ.

ಊರಿಗೆ ಮಾತ್ರ ಬುಧವಾರದ ಆ ಹಾರ್ನಿನ ಸದ್ದು ಈಗಲೂ ದಿನಾ ಬೆಳಗ್ಗೆ ಒಂಟಿಯಾಗಿ ಬರುತ್ತದೆ. ಗೌಡ ಮೊದಲ ವೀಳ್ಯ ಕೊಡುತ್ತಾನೆ. ಬೇರೆ ಯಾರೂ ಇಲ್ಲದ್ದರಿಂದ ಜನ ಅದನ್ನೇ ಸಿಂಹಾಸನದ ಮೇಲೆ ಕೂರಿಸಿದ್ದಾರೆ. ಪೋಂ ಎನ್ನುವುದಷ್ಟೇ ಅದರ ಕಾನೂನು. ಬರೀ ಸದ್ದು ಆಳುತ್ತಿದೆ, ಆದರೂ ಯಾರ ಮನೆಯನ್ನೂ ಕೆಡವಿಲ್ಲ. ರಸ್ತೆ ಇವತ್ತಿಗೂ ಕುಲುಮೆಯ ಹತ್ತಿರ ಪಕ್ಕಕ್ಕೆ ಸರಿದೇ ಹೋಗುತ್ತದೆ.

ಈ ಕತೆಯ ನೀತಿ ಏನೆಂದರೆ, ಹಲ್ಲಿಗೆ ಕುಂಕುಮ ಇಡುವ ಮೊದಲು ಕಮ್ಮಾರನ ಹೆಂಡತಿಯನ್ನು ಒಂದು ಮಾತು ಕೇಳಿ. ಅವರ ಬೆಣ್ಣೆ ಅವರು ಕಾಯಿಸಿಕೊಂಡರು, ನಮ್ಮ ತುಪ್ಪಕ್ಕೆ ನಾವು ಅಂಗಡಿಗೇ ಹೋಗಬೇಕು.

ಕೇಳುತ್ತಾ ಕೂತದ್ದು ಸಾಕು, ಬಾ ಇಂಚರಾ, ಇದನ್ನು ಬರೆದುಕೋ ಮಗಾ. ಸರಳಿನ ಪೂರ್ತಿ ಹೆಸರು ನಿನಗೆ ಗೊತ್ತಿದ್ದರೆ ಅದನ್ನೇ ಹಾಕು. ಮೊದಲು ಮೇಲೆ ತಾರೀಕು ಬರಿ. ಇವತ್ತಿನದಲ್ಲ, ನಿನ್ನೆಯದು.